ಒನಕೆಗಳು ನಿಂತ ಮಧ್ಯಾಹ್ನ

ನಮ್ಮ ಬ್ರಾನಿಗನ್ ಕಣಿವೆಯ ವಾರಪತ್ರಿಕೆಯಲ್ಲಿ ಸುಳ್ಳು ಎಲ್ಲಿಂದ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲ ಪುಟದ ಎಡಮೂಲೆ ತೋರಿಸುತ್ತೇನೆ. ಅಲ್ಲಿ ಡಾಕ್ಟರ್ ಪಿಲ್ಬೀಮ್ ಎಂಬ ಗಡ್ಡಧಾರಿಯ ಚಿತ್ರ, ಕೆಳಗೆ ಅವನ ಗುಳಿಗೆಯ ಗುಣಗಾನ. ಪಿತ್ತ, ವಾತ, ತಲೆಸುತ್ತು, ಮನಸ್ಸಿನ ಬೇಸರ, ಎಲ್ಲಕ್ಕೂ ಅದೇ ಗುಳಿಗೆ. ಪಕ್ಕದಲ್ಲಿ ಎದೆನೋವಿನ ಮುಲಾಮು, ಅದರ ಪಕ್ಕ ಬೊಕ್ಕತಲೆಯ ಎಣ್ಣೆ. ಇವುಗಳ ನಡುವೆ ಜಾಗ ಉಳಿದರೆ ಊರಿನ ಪ್ರಕಟಣೆಗಳು: ಕಂದು ಕುದುರೆ ತಪ್ಪಿಸಿಕೊಂಡಿದೆ, ಸೇತುವೆ ದುರಸ್ತಿಯಲ್ಲಿದೆ, ಹೆಂಡತಿ ಮಾಡಿದ ಸಾಲಕ್ಕೆ ತಾನು ಹೊಣೆಯಲ್ಲ ಎಂದು ಗಂಡನೊಬ್ಬನ ಘೋಷಣೆ. ನನ್ನ ಗಂಡ ತೀರಿಕೊಂಡ ಮೇಲೆ ಈ ಪತ್ರಿಕೆ ನನ್ನ ಕೊರಳಿಗೆ ಬಿತ್ತು. ಅಚ್ಚುಮೊಳೆ ಜೋಡಿಸುವವಳೂ ನಾನೇ, ಅಚ್ಚು ಹಾಕುವವಳೂ ನಾನೇ, ಜಗಳಕ್ಕೆ ಬಂದವರನ್ನು ಹೊರಗೆ ಹಾಕುವವಳೂ ನಾನೇ. ಈ ಹಾನೋರಾ ಡೀಗನ್‌ಳ ಬಾಯಿ ಜೋರು ಅನ್ನುತ್ತಾರೆ. ಒನಕೆಗಳ ಸದ್ದನ್ನು ಮೀರಿ ಮಾತಾಡಬೇಕಾದರೆ ಬಾಯಿ ಜೋರಾಗದೆ ಇನ್ನೇನಾದೀತು?

ಒನಕೆಗಳೆಂದರೆ ಚಿನ್ನದ ಕಲ್ಲು ಕುಟ್ಟುವ ಕಬ್ಬಿಣದ ಒನಕೆಗಳು. ಒಬ್ಬ ಮನುಷ್ಯನಿಗಿಂತ ಉದ್ದ, ನಾಲ್ಕು ಗಂಡಸರು ಸೇರಿದರೂ ಎತ್ತಲಾಗದಷ್ಟು ಭಾರ. ಸಾಲಾಗಿ ನಿಂತು ಹಗಲು ರಾತ್ರಿ ಕುಟ್ಟುತ್ತವೆ, ಕ್ರಿಸ್‌ಮಸ್ ದಿನವೂ ಬಿಡುವಿಲ್ಲ. ಕಣಿವೆ ಕಿರಿದಾದ್ದರಿಂದ ಆ ಸದ್ದು ಎರಡೂ ಗುಡ್ಡಗಳಿಗೆ ಬಡಿದು ನಮ್ಮ ಮನೆಗಳೊಳಗೇ ಬಂದು ಬೀಳುತ್ತದೆ. ಹೊಸಬರಿಗೆ ತಿಂಗಳುಗಟ್ಟಲೆ ನಿದ್ದೆಯಿಲ್ಲ. ನಮಗಂತೂ ಅದು ಕೇಳಿಸುವುದೇ ಇಲ್ಲ.

ಅದು ನಿಲ್ಲುವುದು ಒಂದೇ ಕಾರಣಕ್ಕೆ, ಗಣಿಯೊಳಗೆ ಯಾರದ್ದಾದರೂ ಜೀವ ಹೋದಾಗ. ಆಗ ಹೆಂಗಸರು ಒಲೆಯ ಮೇಲಿನದ್ದನ್ನು ಹಾಗೇ ಬಿಟ್ಟು ಗಣಿಬಾಯಿಗೆ ಓಡುತ್ತಾರೆ. ಅವರೆಲ್ಲರಿಗಿಂತ ಮೊದಲು ಅಲ್ಲಿರುತ್ತಿದ್ದವಳು ಟ್ಯಾಮ್ಸಿನ್ ಪೆಂಗೆಲ್ಲಿ, ನಮ್ಮ ಸೂಲಗಿತ್ತಿ. ಊರಿನ ಅರ್ಧ ಮಕ್ಕಳು ಅವಳ ಕೈಗೇ ಹುಟ್ಟಿದವು. ಗಣಿಯಿಂದ ಮೇಲೆ ತಂದ ದೇಹಗಳನ್ನು ತೊಳೆಯುತ್ತಿದ್ದವಳೂ ಅವಳೇ. ನನ್ನ ಗಂಡನನ್ನು ಮಣ್ಣು ಮಾಡಿದ ದಿನ ನನ್ನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಅವಳನ್ನು ಬಿಟ್ಟರೆ ನನಗೆ ಗೆಳತಿ ಅಂತ ಇನ್ನೊಬ್ಬರಿಲ್ಲ.

ಆ ಬೇಸಿಗೆಯಲ್ಲಿ ಒಂಟಿ ಗಂಡಸರ ವಸತಿಮನೆಗೆ ವಿಷಮಶೀತ ಜ್ವರ ಹೊಕ್ಕಿತು. ಟ್ಯಾಮ್ಸಿನ್ ಅವರೆಲ್ಲರ ಆರೈಕೆ ಮಾಡಿ ಎಬ್ಬಿಸಿ ಕೂರಿಸಿದಳು, ಆಮೇಲೆ ತಾನೇ ಬಿದ್ದಳು. ಅವಳ ಮನೆಯ ಮುಂದೆ ಗಾಡಿಚಕ್ರದ ಸದ್ದಾಗಬಾರದೆಂದು ಬೀದಿಗೆಲ್ಲ ಹುಲ್ಲು ಹಾಸಿದೆವು. ಆದರೂ ಅವಳು ಕಣ್ಣು ಮುಚ್ಚಲಿಲ್ಲ. ಯಾರ ಗುರುತೂ ಇಲ್ಲ. ಹೊದಿಕೆಯ ಅಂಚನ್ನು ಕೀಳುತ್ತ, ಹುಟ್ಟದ ಯಾವುದೋ ಮಗುವನ್ನು ಕರೆಯುತ್ತ ಮಲಗಿದ್ದಳು.

ಡನೀಡಿನ್ ಪಟ್ಟಣದಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಫೆರಿಯರ್ ಒಳ್ಳೆಯವನು, ಪಾಪ, ಅವನ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿತ್ತು. ಅವಳ ಗಂಡ ಜಾಗೊನನ್ನೂ ನನ್ನನ್ನೂ ಹೊಸಿಲಿಗೆ ಕರೆದು ಹೇಳಿದ:

"ನನ್ ಹತ್ರ ಇರೋ ಔಷಧಿ ಎಲ್ಲ ಮುಗೀತು. ಎದೆ ಸೋತಿದೆ. ನಿದ್ದೆ ಬಂದ್ರೆ ಉಳೀತಾರೆ, ಇಲ್ಲಾಂದ್ರೆ ನಾಳೆ ದಾಟಲ್ಲ. ಈ ಸದ್ದಿಗೆ ಮಂಚಾನೇ ನಡುಗ್ತಿದೆಯಲ್ರೀ, ಹೇಗೆ ನಿದ್ದೆ ಬಂದೀತು?"

ಜಾಗೊ ಗೋಡೆಗೆ ಹಣೆ ಒತ್ತಿ ನಿಂತ. ನಾನು ಏಪ್ರನ್ ಕೂಡ ಬಿಚ್ಚದೆ ಕ್ಯಾಪ್ಟನ್ ರಾಡಾನ ಕಚೇರಿಗೆ ನಡೆದೆ. ಕ್ಯಾಪ್ಟನ್ ಅಂದರೆ ಹಡಗಿನವನಲ್ಲ, ಗಣಿ ನಡೆಸುವವನನ್ನು ನಮ್ಮಲ್ಲಿ ಹಾಗೆ ಕರೆಯುವುದು.

"ಒನಕೆ ನಿಲ್ಸಿ, ಕ್ಯಾಪ್ಟನ್. ಟ್ಯಾಮ್ಸಿನ್‌ಗೆ ನಿದ್ದೆ ಬರ್ಬೇಕು."

"ತಲೆ ಕೆಟ್ಟಿದ್ಯೇನಮ್ಮ ನಿಂಗೆ?"

"ನಿಮ್ ಮಕ್ಕಳು ಯಾರ ಕೈಗೆ ಹುಟ್ಟಿದ್ದು, ಪಿಲ್ಬೀಮನ ಕೈಗಾ?"

ಅವನು ಕಿಟಕಿಯತ್ತ ತಿರುಗಿದ. "ನಿಲ್ಸೋದೇನೋ ನಿಲ್ಸಬಹುದು, ಕಂಪನಿಯವರಿಗೆ ಆಮೇಲೆ ಉತ್ತರ ಕೊಟ್ಕೋತೀನಿ. ಆದ್ರೆ ನಿಂತ ಕೂಡ್ಲೇ ಊರ ಹೆಂಗಸ್ರೆಲ್ಲ ಎದೆ ಬಡ್ಕೊಂಡು ಬೀದಿಗೆ ಬರ್ತಾರಲ್ಲ, ಆ ಗೋಳಾಟದಲ್ಲಿ ಅವಳು ನಿದ್ದೆ ಮಾಡ್ತಾಳಾ?"

ಅದಕ್ಕೂ ದಾರಿ ಇತ್ತು, ಅಥವಾ ಇದೆ ಎಂದುಕೊಂಡೆ. ಪಿಲ್ಬೀಮನ ಗಡ್ಡವನ್ನು ಅಚ್ಚಿನ ಚೌಕಟ್ಟಿನಿಂದ ಕಿತ್ತು ಹಾಕಿ ಆ ಜಾಗದಲ್ಲಿ ನನ್ನ ಬಳಿಯಿದ್ದ ಅತಿ ದಪ್ಪ ಮೊಳೆಗಳನ್ನು ಜೋಡಿಸಿದೆ: ಮಧ್ಯಾಹ್ನದ ಪಾಳಿಯ ಹೊತ್ತಿಗೆ ಒನಕೆಗಳು ನಿಲ್ಲುತ್ತವೆ, ಯಾರಿಗೂ ಏನೂ ಆಗಿಲ್ಲ, ಟ್ಯಾಮ್ಸಿನ್ ಪೆಂಗೆಲ್ಲಿ ಮಲಗಬೇಕು, ದಯವಿಟ್ಟು ಸದ್ದು ಮಾಡಬೇಡಿ. ಹಾಳೆಗಳನ್ನು ಹಿಡಿದು ನಾನೇ ಮನೆಮನೆ ತಿರುಗಿದೆ.

ಗ್ರೇಸ್ ಹಾಕಿನ್ ಎಂಬ ಹುಡುಗಿ, ಮದುವೆಯಾಗಿ ವರ್ಷವಾಗಿರಲಿಲ್ಲ, ಅವಳಪ್ಪ ಹಿಂದೊಮ್ಮೆ ಗಣಿ ಕುಸಿದಾಗ ಹೋದವನು, ಹಾಳೆಯನ್ನು ಓದಿ ನನಗೇ ಹಿಂದಕ್ಕೆ ಕೊಟ್ಟಳು.

"ಗುಳಿಗೆ ತಿಂದ್ರೆ ಕುಂಟ ಓಡ್ತಾನೆ ಅಂತ ಹಾಕೋ ಪೇಪರು ತಾನೇ ಇದು? ಒಳಗೆ ಏನೋ ಆಗಿದೆ. ಕಂಪನಿಯವ್ರು ನಿಮ್ ಕೈಲಿ ಮುಚ್ಚಿಸ್ತಿದಾರೆ."

"ಇಲ್ಲ ಕಣೇ, ನನ್ನಾಣೆ."

"ನನ್ ಗಂಡನ್ನ ಕಣ್ಣಾರೆ ಕಾಣೋ ತನಕ ನಾನು ಯಾರನ್ನೂ ನಂಬಲ್ಲ, ಹಾನೋರಕ್ಕ."

ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟಾಗಲಿ? ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಪಕ್ಕದ ಮನೆಯಲ್ಲೂ ಅದೇ ಮಾತು, ಅದರಾಚೆಯ ಮನೆಯಲ್ಲೂ. ಮತ್ತೆ ಕ್ಯಾಪ್ಟನ್ ಬಳಿ ಓಡಿ ಗ್ರೇಸಳ ಮಾತನ್ನೇ ಹೇಳಿದೆ. ಅವನು ಎದ್ದು ಟೋಪಿ ಹಾಕಿಕೊಂಡ.

"ಸರಿ, ಹಾಗಾದ್ರೆ ಕಾಣಿಸೋಣ."

ಆ ಮಧ್ಯಾಹ್ನ ಗಣಿ ಖಾಲಿಯಾಯಿತು. ಪಾಳಿಯವರೆಲ್ಲ ಮೇಲೆ ಬಂದರು; ಮುಖದ ಮೇಲಿನ ಮಣ್ಣನ್ನೂ ತೊಳೆಯದೆ, ಹುಲ್ಲು ಹಾಸಿದ ಬೀದಿಗೆ ಬಂದಾಗ ಬೂಟು ಕಳಚಿ ಕೈಯಲ್ಲಿ ಹಿಡಿದು, ತಂತಮ್ಮ ಮನೆಗೆ ನಡೆದರು. ಪ್ರತಿಯೊಬ್ಬನೂ ತನ್ನ ಬಾಗಿಲಲ್ಲಿ ಹೆಂಡತಿಗೋ ತಾಯಿಗೋ ಕಾಣುವಂತೆ ನಿಂತ. ಕಣಿವೆಯ ಉದ್ದಕ್ಕೂ ಬಾಗಿಲು ಬಾಗಿಲಲ್ಲಿ ಗಂಡಸರು. ಗ್ರೇಸ್ ತನ್ನವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಆಮೇಲೆ ಒನಕೆಗಳು ಒಂದೊಂದಾಗಿ ನಿಂತವು.

ಅದನ್ನು ಹೇಗೆ ಹೇಳಲಿ? ಕಾಲ ಕೆಳಗಿನ ನೆಲವನ್ನು ಯಾರೋ ಮೆಲ್ಲಗೆ ಎಳೆದುಕೊಂಡ ಹಾಗಾಯಿತು. ನನ್ನ ಉಸಿರು ನನಗೇ ಕೇಳಿಸಿತು. ಹಿಂದೆ ನಿಂತಾಗಲೆಲ್ಲ ಅಳುವಿನ ಸದ್ದು ತುಂಬಿಕೊಳ್ಳುತ್ತಿತ್ತು, ಈ ಸಲ ತುಂಬಲು ಏನೂ ಇರಲಿಲ್ಲ. ಎಲ್ಲಿಂದಲೋ ಒಂದು ಮೃದುವಾದ ಮೊರೆತ ಬಂತು. ಎದುರುಮನೆಯ ಪುಟ್ಟಿ ಅಮ್ಮನ ಏಪ್ರನ್ ಅಂಚು ಜಗ್ಗಿ, "ಅಮ್ಮ, ಅದೇನು ಸದ್ದು?" ಅಂತ ಪಿಸುಗುಟ್ಟಿತು. ಅಮ್ಮ ಸುತ್ತ ನೋಡಿ, ಬೆರಗಾಗಿ, "ಹೊಳೆ ಕಣೇ" ಅಂದಳು. ಮನೆಯ ಹಿಂದೆಯೇ ಹರಿಯುವ ಹೊಳೆ. ಗುಡ್ಡದ ಕಾಡಿನಲ್ಲಿ ಒಂದು ಹಕ್ಕಿ ಗಂಟೆಯ ಹಾಗೆ ಕೂಗಿತು. ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತು ಅಂದುಕೊಂಡಾಗ ನನ್ನ ಮೈ ಜುಮ್ಮೆಂದಿತು. ಚರ್ಚಿನಲ್ಲಿ ಎಂದೂ ಹಾಗಾದದ್ದಿಲ್ಲ. ನಿಂತಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ.

ತುದಿಗಾಲಲ್ಲಿ ಟ್ಯಾಮ್ಸಿನ್ ಮನೆಯೊಳಗೆ ಹೋದೆ. ಅವಳು ಹೊದಿಕೆ ಕೀಳುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದ್ದಳು. ಡಾಕ್ಟರು ಅವಳ ನಾಡಿ ಹಿಡಿದು ನನ್ನತ್ತ ತಲೆಯಾಡಿಸಿದ, ಈಗ ಮಲಗುತ್ತಾಳೆ ಅನ್ನುವಂತೆ. ಅಷ್ಟರಲ್ಲಿ ಅವಳು ಕಣ್ಣು ಬಿಟ್ಟಳು. ಎಷ್ಟೋ ದಿನಗಳಿಂದ ಯಾರನ್ನೂ ಕಾಣದ ಆ ಕಣ್ಣು ನೆಟ್ಟಗೆ ಗಂಡನ ಮುಖಕ್ಕೆ ಹೋಯಿತು.

"ಜಾಗೊ. ನೀನಿದ್ದೀಯ." ಗಂಟಲು ಒಣಗಿತ್ತು. "ಹಾಗಾದ್ರೆ ಯಾರು?"

"ಯಾರೂ ಇಲ್ವೇ, ಯಾರಿಗೂ ಏನೂ ಆಗಿಲ್ಲ."

"ಒನಕೆ ನಿಂತಿದೆ. ನನ್ ಬೂಟ್ಸ್ ಕೊಡು. ಬಟ್ಟೆ ಹರೀಬೇಕು, ನೀರು ಕಾಯಿಸ್ಬೇಕು..."

ಅವಳು ಏಳಲು ಹೊರಟಳು! ಕಡ್ಡಿಯಂತಾಗಿದ್ದ ತೋಳು ಊರಿ ನಿಜಕ್ಕೂ ಎದ್ದೇಬಿಟ್ಟಳು. ಡಾಕ್ಟರ ಮುಖ ಬಿಳುಚಿಕೊಂಡಿತು. "ಮಲಗ್ಸಿ, ಮಲಗ್ಸಿ, ಎದೆ ತಡ್ಯಲ್ಲ." ಜಾಗೊ ಅವಳ ಭುಜ ಹಿಡಿದ. ಅವಳು ನನ್ನ ಕಡೆ ತಿರುಗಿದಳು.

"ನೋರಾ, ನೀನಾದ್ರೂ ಹೇಳೇ. ಎಷ್ಟ್ ಜನ?"

"ನಿನ್ ಮೇಲಾಣೆ ಟ್ಯಾಮ್ಸಿನ್, ಒಬ್ರೂ ಇಲ್ಲ."

"ಸುಳ್ಳು." ಕಣ್ಣಲ್ಲಿ ನೀರು ಇಳಿಯಿತು. "ನನಗೆ ಹುಷಾರಿಲ್ಲ ಅಂತ ಮುಚ್ಚಿಡ್ತಿದೀರಿ."

ನಾನು ಹೊರಗೆ ಓಡಿದೆ. ಕೂಗುವ ಹಾಗಿಲ್ಲ. ಹತ್ತಿರದ ಬಾಗಿಲಲ್ಲಿ ನಿಂತಿದ್ದ ಗ್ರೇಸಳ ಬಳಿ ಹೋಗಿ ಪಿಸುಮಾತಲ್ಲಿ ಹೇಳಿದೆ: "ಅವಳೂ ನಂಬ್ತಿಲ್ಲ ಕಣೇ."

ಆ ಹುಡುಗಿ ಮತ್ತೊಂದು ಮಾತು ಕೇಳಲಿಲ್ಲ. ಗಂಡನ ಕೈ ಹಿಡಿದು ಎಳೆದುಕೊಂಡೇ ಹೋಗಿ ಟ್ಯಾಮ್ಸಿನ್‌ಳ ಕಿಟಕಿಯ ಮುಂದೆ ನಿಲ್ಲಿಸಿದಳು. ಅವನು ಟೋಪಿ ತೆಗೆದ. ಅದನ್ನು ಕಂಡು ಪಕ್ಕದ ಮನೆಯವನು ಬಂದ, ಅದರಾಚೆಯವನು ಬಂದ. ಯಾರೂ ಯಾರನ್ನೂ ಕರೆಯಲಿಲ್ಲ. ಕಣಿವೆಯ ಮೇಲಿನಿಂದಲೂ ಕೆಳಗಿನಿಂದಲೂ ಗಂಡಸರು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದು ಬಂದರು, ಒಬ್ಬೊಬ್ಬರಾಗಿ ಕಿಟಕಿಯ ಮುಂದೆ ನಿಂತು ಟೋಪಿ ತೆಗೆದು ಮುಖ ತೋರಿಸಿ ಮುಂದೆ ಹೋದರು. ನೂರಾರು ಜನ, ಒಂದು ಕೆಮ್ಮೂ ಇಲ್ಲ.

ಜಾಗೊ ಅವಳ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಿದ್ದ. ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಗುರುತಿಸಿದಳು.

"ಹಾಕಿನ್ ಇದಾನೆ. ಕಿಟ್ಟೊ. ಅವನ ತಮ್ಮ. ಅಯ್ಯೋ, ಈ ಪೋಲಿ ಇನ್ನೂ ಇದಾನಾ? ಪಾಸ್ಕೊ... ಪಾಸ್ಕೊನ ದೊಡ್ಡ ಮಗ, ಕಾಲು ಮೊದಲಾಗಿ ಹುಟ್ಟಿದವನು..."

ಕಡೆಗೆ ಕ್ಯಾಪ್ಟನ್ ಬಂದು ನಿಂತ. ಆ ದಪ್ಪ ಮನುಷ್ಯನ ಗಲ್ಲದ ಮೇಲೆ ನೀರು ಹರಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

"ಎಲ್ರೂ ಇದಾರೆ," ಅಂದಳು ಟ್ಯಾಮ್ಸಿನ್, ತನಗೇ ಹೇಳಿಕೊಳ್ಳುವಂತೆ. "ಮತ್ಯಾಕೆ ನಿಲ್ಸಿದ್ದು?"

"ನಿಂಗೆ ನಿದ್ದೆ ಬರ್ಲಿ ಅಂತ."

ಅವಳು ನನ್ನನ್ನು ನೋಡಿದ ನೋಟ! "ದಡ್ಡಿ. ಹುಟ್ಟಿದಾಗಿಂದ ಆ ಸದ್ದಲ್ಲೇ ಮಲಗಿದವಳು ನಾನು. ಅದು ನಿಂತ್ರೆ ನಮ್ಮಲ್ಲಿ ಯಾರಿಗಾದ್ರೂ ನಿದ್ದೆ ಬರುತ್ತಾ? ಶುರು ಮಾಡೋಕೆ ಹೇಳು ಹೋಗು."

ನಾನು ಡಾಕ್ಟರ ಮುಖ ನೋಡಿದೆ. ಅವನು ನಾಡಿಯಿಂದ ಬೆರಳು ತೆಗೆಯದೆ, ಕಿಟಕಿಯಾಚೆ ಇನ್ನೂ ನಿಂತಿದ್ದ ಜನರನ್ನು ನೋಡುತ್ತ, "ಅವರು ಹೇಳಿದ ಹಾಗೇ ಮಾಡಿ" ಅಂದ.

ಮೊದಲ ಒನಕೆ ಬಿತ್ತು, ಆಮೇಲೆ ಎರಡನೆಯದು, ಆಮೇಲೆ ಎಲ್ಲ ಸೇರಿ ಗುಡ್ಡಗಳನ್ನು ನಡುಗಿಸಿದವು. ಹೊಳೆ ಮತ್ತೆ ಮುಳುಗಿಹೋಯಿತು. ಟ್ಯಾಮ್ಸಿನ್ ಗಂಡನ ಎದೆಗೆ ತಲೆಯಾನಿಸಿದಳು. ರೆಪ್ಪೆಗಳು ಮುಚ್ಚಿದವು, ಉಸಿರು ನಿಧಾನವಾಯಿತು. ಹೊರಗೆ ಮಾತ್ರ ಯಾರೂ ಕದಲಲಿಲ್ಲ. ಈಗ ಎಷ್ಟು ಬೇಕಾದರೂ ಮಾತಾಡಬಹುದಿತ್ತು, ಸದ್ದಿನಲ್ಲಿ ಅವಳಿಗೆ ಕೇಳಿಸುತ್ತಿರಲಿಲ್ಲ. ಆದರೂ ಕತ್ತಲಾಗುವವರೆಗೆ ಆ ಬೀದಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ಬೂಟು ಹಾಕಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಎದ್ದಾಗ ಹಣೆ ತಣ್ಣಗಿತ್ತು.

"ಹೊಟ್ಟೆ ಹಸೀತಿದೆ ಕಣೇ ನೋರಾ," ಅಂದಳು.

ಡಾಕ್ಟರು ಬಾರ್ಲಿ ಗಂಜಿಗೆ ಮಾತ್ರ ಒಪ್ಪಿದ. ಜಾಗೊ ಬಟ್ಟಲು ಹಿಡಿದ, ನಾನು ಚಮಚ ಹಿಡಿದೆ. ಇಬ್ಬರೂ ಊದಿ ಊದಿ ಆರಿಸುತ್ತ ಎಷ್ಟು ತಡ ಮಾಡಿದೆವೆಂದರೆ ಕೊನೆಗೆ ಅವಳೇ ಬೈದು ಚಮಚ ಕಿತ್ತುಕೊಂಡು ತಿಂದಳು.