ಓರಗಿತ್ತಿಯ ಮಗಳ ತಲೆಯ ಅಳತೆ

ಹೊಟ್ಟೆಕಿಚ್ಚಿಗೆ ನಿಜವಾಗಿ ಬಿಸಿ ಇದ್ದಿದ್ದರೆ ಆ ವರ್ಷ ದರ್ಜಿಯಮ್ಮನ ಇಸ್ತ್ರಿಪೆಟ್ಟಿಗೆಗೆ ಕರೆಂಟೇ ಬೇಕಾಗುತ್ತಿರಲಿಲ್ಲ. ಇಡೀ ಬೀದಿಯ ಬಟ್ಟೆಯನ್ನು ಬರೀ ಅಂಗೈ ಸವರಿ ಗರಿಗರಿ ಮಾಡಿ ಕೊಡುತ್ತಿದ್ದಳು. ಅವಳ ಹೊಲಿಗೆ ಅಂಗಡಿ ಮನೆಯ ಕೆಳಭಾಗದಲ್ಲಿ. ಮಹಡಿಯ ಮೇಲೆ ಮೈದುನನ ಸಂಸಾರ. ಮೈದುನನ ಹೆಂಡತಿ, ಅಂದರೆ ಇವಳ ಓರಗಿತ್ತಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಮಾತಿಗಿಂತ ಮುಂಚೆ ನಗುವವಳು. ಆ ನಗು ಕೇಳಿದರೆ ದರ್ಜಿಯಮ್ಮನಿಗೆ ಉಗುರಿನ ಸಂದಿಗೆ ಸೂಜಿ ಹೊಕ್ಕಂತಾಗುತ್ತಿತ್ತು.

ಎರಡೂ ಮನೆಗೆ ಒಂದೊಂದು ಹೆಣ್ಣು ಮಗು, ಒಂದೇ ವಯಸ್ಸು, ಒಂದೇ ತರಗತಿ. ಮೇಲಿನ ಮನೆಯವಳು ಗುಬ್ಬಿ, ಕೂರಿಸಿದಲ್ಲಿ ಕೂತಿರುವ ಪ್ರಾಣಿ. ಕೆಳಗಿನ ಮನೆಯವಳು ಬುಗುರಿ. ಅವಳು ಒಂದು ಕಡೆ ನಿಂತದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ.

ಆ ಮಕ್ಕಳ ಶಾಲೆಗೆ ಒಬ್ಬಳು ಸಂಶೋಧಕಿ ಬಂದಳು. ಸಂಗೀತ ಕಲಿತರೆ ಮಕ್ಕಳ ಮೆದುಳಿನ ಬೆಳವಣಿಗೆಯಲ್ಲಿ ಏನಾದರೂ ವ್ಯತ್ಯಾಸ ಆಗುತ್ತದೆಯೋ ಎಂದು ನೋಡುವುದು ಅವಳ ಕೆಲಸ. ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಈ ವರ್ಷವೇ ಪುಕ್ಕಟೆ ಪಿಟೀಲು ಪಾಠ, ಉಳಿದವರಿಗೆ ಮುಂದಿನ ವರ್ಷ. ಕಾಯುವವರಿಗೆ ಒಂದೇ ಷರತ್ತು: ಅಲ್ಲಿಯವರೆಗೆ ಮನೆಯಲ್ಲೂ ಯಾವ ವಾದ್ಯವನ್ನೂ ಕಲಿಸಕೂಡದು. ಕಲಿಸಿದರೆ ಮುಂದಿನ ವರ್ಷದ ಪಾಠವೂ ಇಲ್ಲ. ಗುಬ್ಬಿಯ ಚೀಟಿಗೆ ಪಿಟೀಲು ಬಂತು. ಬುಗುರಿಯ ಚೀಟಿಗೆ ಕಾಯುವುದು ಬಂತು.

ಮೊದಮೊದಲು ಮಹಡಿಯಿಂದ ಕೇಳುತ್ತಿದ್ದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು. ಆಗ ದರ್ಜಿಯಮ್ಮ ಸುಖವಾಗಿ ನಿದ್ದೆ ಮಾಡಿದಳು. ಆದರೆ ಕುಯ್ಯುತ್ತಾ ಕುಯ್ಯುತ್ತಾ ಒಂದು ಸಂಜೆ ಅದು ರಾಗವಾಗಿಬಿಟ್ಟಿತು. ಅಂದೇ ಓರಗಿತ್ತಿ ಮೆಟ್ಟಿಲ ಮೇಲೆ ನಿಂತು ನಕ್ಕಳು.

"ಅಕ್ಕಾ, ಸಂಗೀತ ಕಲಿತ್ರೆ ಮೆದುಳು ಬೆಳೀಬಹುದಂತೆ. ನಮ್ಮ ಗುಬ್ಬಿ ಈಗ ಲೆಕ್ಕಾನೂ ಪಟಪಟ ಅಂತ ಮಾಡ್ತಾಳೆ ನೋಡಿ."

'ಬಹುದಂತೆ' ಎಂಬುದು ದರ್ಜಿಯಮ್ಮನ ಕಿವಿಯೊಳಗೆ ಇಳಿಯಲೇ ಇಲ್ಲ, 'ಬೆಳೀ' ಎಂಬಷ್ಟೇ ಇಳಿಯಿತು. ಬೆಳೆಯುವುದನ್ನು ಏನು ಮಾಡಬೇಕೆಂದು ದರ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಳೆಯಬೇಕು. ಚಳಿಗೆ ಟೋಪಿ ಹೊಲಿಯುವ ನೆಪದಲ್ಲಿ ಎರಡೂ ತಲೆಗೆ ಟೇಪು ಸುತ್ತಿದಳು. ಹಿಂದಿನ ವರ್ಷ ಇಬ್ಬರ ಟೋಪಿಯನ್ನೂ ಒಂದೇ ಕಾಗದದ ಅಚ್ಚಿನಲ್ಲಿ ಕತ್ತರಿಸಿದ್ದಳು. ಈಗ ಗುಬ್ಬಿಯ ತಲೆ ಬುಗುರಿಯದಕ್ಕಿಂತ ಒಂದು ಬೆರಳು ದಪ್ಪ.

ಆ ಒಂದು ಬೆರಳು ರಾತ್ರಿಯಿಡೀ ಬೆಳೆದು ಕುಂಬಳಕಾಯಿಯಾಯಿತು. ಹೀಗೇ ಬಿಟ್ಟರೆ ಆ ತಲೆ ಮಹಡಿ ಇಳಿಯುವಾಗ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ತನ್ನ ಮಗಳು ಅದರ ನೆರಳಲ್ಲಿ ನಿಂತಿರಬೇಕಾಗುತ್ತದೆ ಎನಿಸಿತು. ಮುಂದಿನ ವರ್ಷ ಯಾರಿಗೆ ಬೇಕು?

ಮರುದಿನವೇ ಗುಬ್ಬಿಯನ್ನು ಕರೆದು, ನಾಲ್ಕು ಜೇಬಿನ ಫ್ರಾಕು ಹೊಲಿದುಕೊಡುವ ಆಸೆ ತೋರಿಸಿ, ಬುಗುರಿಗೆ ಗುಟ್ಟಾಗಿ ಪಾಠ ಹೇಳಿಕೊಡಲು ಒಪ್ಪಿಸಿದಳು. ಪಾಠ ಕತ್ತರಿಸುವ ಮೇಜಿನ ಕೆಳಗೆ, ಚಿಂದಿ ಬಟ್ಟೆಯ ರಾಶಿಯ ನಡುವೆ. ಸದ್ದು ಮೇಲಕ್ಕೆ ಹೋಗದಿರಲೆಂದು ದರ್ಜಿಯಮ್ಮ ದಾರವಿಲ್ಲದ ಹೊಲಿಗೆಯಂತ್ರವನ್ನು ಗಡಗಡ ತುಳಿಯುತ್ತಿದ್ದಳು. ಇಷ್ಟೊಂದು ಗಿರಾಕಿ ಎಲ್ಲಿಂದ ಬಂದರಪ್ಪಾ ಎಂದು ಮೇಲೆ ಓರಗಿತ್ತಿ ಗಂಡನ ಹತ್ತಿರ ಕರುಬಿದಳಂತೆ. ಅದು ಕಿವಿಗೆ ಬಿದ್ದ ದಿನ ದರ್ಜಿಯಮ್ಮ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದಳು.

ವರ್ಷದ ಕೊನೆಗೆ ಸಂಶೋಧಕಿಯ ಕೋಣೆಯಲ್ಲಿ ಪರೀಕ್ಷೆ. ಮಕ್ಕಳ ಜೊತೆ ಇಬ್ಬರು ತಾಯಂದಿರೂ ಬಂದಿದ್ದರು. ಮಕ್ಕಳ ತಲೆಗೆ ತಂತಿ ಪೋಣಿಸಿದ ಟೋಪಿ ಹಾಕಿ, ರಾಗ ಕೇಳಿಸಿ, ಮೆದುಳು ಹೇಗೆ ಮಿಡಿಯುತ್ತದೆ ಎಂದು ನೋಡುತ್ತಾರೆ. ಟೋಪಿಯ ಸೈಜು ಆರಿಸಲು ಸಂಶೋಧಕಿ ಟೇಪು ಹಿಡಿದಳು. ಎರಡೂ ತಲೆ ಒಂದೇ ಅಳತೆ ಎಂದಳು.

ಊರಿಗೆಲ್ಲ ಅಳತೆ ಕೊಟ್ಟ ದರ್ಜಿಯಮ್ಮನಿಂದ ಇದನ್ನು ಸಹಿಸಲಾಗಲಿಲ್ಲ. "ಸರಿಯಾಗಿ ಹಿಡೀರಿ ಮೇಡಂ. ಗುಬ್ಬೀದು ಒಂದು ಬೆರಳು ಜಾಸ್ತಿ. ನಾನೇ ಅಳೆದಿದ್ದೀನಿ."

"ಅವತ್ತು ನಾನು ಜಡೆ ಸುತ್ತಿ ಕಟ್ಕೊಂಡಿದ್ದೆ ದೊಡ್ಡಮ್ಮಾ," ಎಂದಳು ಗುಬ್ಬಿ. "ಈಗ ಟೋಪಿಗೆ ಅಂತ ಜಡೆ ಬಿಚ್ಚಿಸಿದಾರಲ್ಲ."

ಸಂಶೋಧಕಿ ನಗು ತಡೆದುಕೊಂಡು, ತಾವು ಹುಡುಕುತ್ತಿರುವುದು ಟೇಪಿಗೆ ಸಿಗುವಂಥದ್ದಲ್ಲ, ಒಳಗೆ ಏನಾದರೂ ಬದಲಾಗಿದೆಯೋ ಇಲ್ಲವೋ ತಮಗೇ ಇನ್ನೂ ಗೊತ್ತಿಲ್ಲ, ಅದಕ್ಕೇ ಈ ಪಾಡು ಎಂದು ವಿವರಿಸಿದಳು. ಬುಗುರಿಯ ಮುಖ ಅರಳಿತು.

"ಹಾಗಾದ್ರೆ ಮೇಜಿನ ಕೆಳಗೆ ಕೂತು ಪಿಟೀಲು ಬಾರಿಸೋದು ಇನ್ನು ಬೇಡ್ವಾಮ್ಮಾ?"

ಸಂಶೋಧಕಿ ತಂತಿಯ ಟೋಪಿಯನ್ನು ಮೆಲ್ಲಗೆ ತೆಗೆದು ಪೆಟ್ಟಿಗೆಗೆ ಹಾಕಿದಳು. ಷರತ್ತು ಷರತ್ತೇ, ಬುಗುರಿಯ ಹೆಸರು ಹೋಯಿತು, ಹೆಸರಿನ ಜೊತೆ ಮುಂದಿನ ವರ್ಷದ ಪಾಠವೂ ಹೋಯಿತು. ಮನೆಯವರೆಗೂ ದರ್ಜಿಯಮ್ಮ ತಲೆಯೆತ್ತಲಿಲ್ಲ. ಓರಗಿತ್ತಿ ಮೊದಲ ಬಾರಿಗೆ ನಗದೆ ನಡೆದಳು. ಮೆಟ್ಟಿಲ ಹತ್ತಿರ ನಿಂತು ಅವಳು ಮೆಲ್ಲಗೆ, ಹೆಸರು ಹೇಗೂ ಹೋಯಿತಲ್ಲ, ಇನ್ನು ಬಚ್ಚಿಡುವುದೇನಿದೆ, ದಿನಾ ಸಂಜೆ ಗುಬ್ಬಿಯೇ ಕೆಳಗೆ ಬಂದು ಹೇಳಿಕೊಡಲಿ ಎಂದಳು.

ದರ್ಜಿಯಮ್ಮನ ಕಣ್ಣು ತುಂಬಿತು. ಓರಗಿತ್ತಿ ಒಳ್ಳೆಯವಳೇ, ತಾನೇ ಪಾಪಿ ಎನಿಸಿತು. ಆ ಅನಿಸಿಕೆ ನಾಲ್ಕು ಮೆಟ್ಟಿಲಷ್ಟು ಹೊತ್ತು ಬಾಳಿತು.

ಐದನೆಯದರಲ್ಲಿ ಓರಗಿತ್ತಿ ತಿರುಗಿ ನಕ್ಕಳು. "ಅಂದ ಹಾಗೆ ಅಕ್ಕಾ, ಕಲಿಯೋರಿಗಿಂತ ಕಲಿಸೋರ ಮೆದುಳು ಇನ್ನೂ ಚುರುಕಾಗುತ್ತಂತೆ."

ಆ ಸಂಜೆ ಗುಬ್ಬಿ ಪಿಟೀಲು ಹಿಡಿದು ಅಂಗಡಿಗೆ ಇಳಿದಾಗ, ದೊಡ್ಡಮ್ಮ ಟೇಪನ್ನು ಬೆನ್ನ ಹಿಂದೆ ಹಿಡಿದು ಕಾಯುತ್ತಿದ್ದಳು. ಈ ಸಲ ಮೊದಲು ಜಡೆ ಇದೆಯೇ ಎಂದು ನೋಡಿಕೊಂಡಳು.