ಕಥೆ ಮುಗಿದರೆ ಆಲೂಗಡ್ಡೆ ಬೆಂದಂತೆ

“ಚಿಕ್ಕಪ್ಪ ಮದುವೆ ಆಗ್ತಾನಂತೆ. ಅಮ್ಮ, ಕೈಲಿರೋ ಪಾತ್ರೆ ಮೊದ್ಲು ಕೆಳಗಿಡು, ಆಮೇಲೆ ಬೀಳಿಸ್ಬೇಡ.”

ಅಮ್ಮ ಪಾತ್ರೆಯನ್ನು ಬೀಳಿಸಲಿಲ್ಲ. ಒರೆಸುತ್ತಿದ್ದ ಬಟ್ಟೆಯನ್ನು ಬೀಳಿಸಿದಳು.

“ಯಾರೇ ಹೇಳಿದ್ದು?”

“ಅವನೇ. ಅಂದ್ರೆ, ಇನ್ನೂ ಕೇಳಿದ್ದಾನೆ ಅಷ್ಟೇ. ಅವ್ರು ಹೂಂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲ. ಇವತ್ತು ಸಂಜೆ ಊಟಕ್ಕೆ ಬರ್ತಾರಂತೆ. ಊಟ ಆದ್ಮೇಲೆ ಹೇಳ್ತಾರಂತೆ.”

ಈ ಹುಡುಗಿಯನ್ನು ಮನೆಯವರೆಲ್ಲ ರೇಡಿಯೊ ಎಂದೇ ಕರೆಯುತ್ತಿದ್ದರು. ಕಿವಿಗೆ ಬಿದ್ದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳ ಜನ್ಮಕ್ಕೆ ಸಾಧ್ಯವಿರಲಿಲ್ಲ. ಮನೆಯ ಕೆಳಗೇ ಚಿಕ್ಕಪ್ಪನ ಕ್ಷೌರದಂಗಡಿ. ಅಲ್ಲಿ ಹುಟ್ಟಿದ ಸುದ್ದಿ ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅವಳಿಗೆ ಏದುಸಿರು.

“ಯಾರು ಅವ್ರು?”

“ಸ್ಕೂಲ್ ವ್ಯಾನ್ ಓಡಿಸ್ತಾರಲ್ಲ, ಅವ್ರು.”

ಅಮ್ಮನಿಗೆ ಗೊತ್ತಿತ್ತು. ಎದುರಿನ ಶಾಲೆ ಬಿಡುವ ಮೊದಲು ಆ ಹೆಂಗಸು ವ್ಯಾನನ್ನು ಅಂಗಡಿಯ ಮುಂದೆಯೇ ನಿಲ್ಲಿಸಿಕೊಂಡು, ಕಿಟಕಿಯ ಮೇಲೆ ಮೊಣಕೈ ಊರಿ ಕೂತಿರುತ್ತಿದ್ದಳು. ಮಾತು ಕಡಿಮೆ.

ಆಲೂಗಡ್ಡೆ ಚೀಲ ಹೊತ್ತು ಚಿಕ್ಕಪ್ಪ ಮೇಲೆ ಬಂದ. ತಲೆ ನರೆತಿದ್ದರೂ ಅವತ್ತು ಪರೀಕ್ಷೆಗೆ ಹೊರಟ ಹುಡುಗನ ಮುಖ. ಅವನಿಗೆ ಬರುತ್ತಿದ್ದದ್ದು ಒಂದೇ ಅಡುಗೆ. ಈರುಳ್ಳಿ, ಬೆಳ್ಳುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ದಪ್ಪ ದಪ್ಪ ಆಲೂಗಡ್ಡೆ ಹೋಳು ಹಾಕಿ, ಮೆಣಸು ಉದುರಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವುದು. ಹೋಳಿನ ಅಂಚು ಕರಗಿ ರಸ ಗಟ್ಟಿಯಾಗಬೇಕು, ನಡುವೆ ಮಾತ್ರ ಹಲ್ಲಿಗೆ ಸಿಗಬೇಕು. ಬ್ರೆಡ್ಡಿನ ಜೊತೆ ಅದನ್ನು ತಿಂದರೆ ಮನೆಯವರಿಗೆಲ್ಲ ಹೊಟ್ಟೆಯ ಜೊತೆ ಮನಸ್ಸೂ ತಣ್ಣಗಾಗುತ್ತಿತ್ತು. ಪ್ರತಿ ಭಾನುವಾರ ಅದೇ. ಯಾರಿಗೂ ಬೇಜಾರು ಬಂದಿರಲಿಲ್ಲ.

“ನೋಡಪ್ಪ,” ಅಮ್ಮ ಹೇಳಿದಳು, “ಅವಳು ಮಾತು ಕಡಿಮೆ ಇರೋವ್ಳು. ನಿಂದೋ, ಕತ್ತರಿಗಿಂತ ಬಾಯಿ ಜಾಸ್ತಿ ಓಡುತ್ತೆ. ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಂಡು ಅಡುಗೆ ಮಾಡು. ತಲೆ ತಿಂದು ಓಡಿಸ್ಬೇಡ.”

“ಆಯ್ತು ಅತ್ತಿಗೆ.”

ಎಡವಟ್ಟಾದದ್ದೇ ಅಲ್ಲಿ. ಚಿಕ್ಕಪ್ಪ ಎಂದೂ ಗಡಿಯಾರ ನೋಡಿ ಅಡುಗೆ ಮಾಡಿದವನಲ್ಲ. ಒಲೆ ಮುಂದೆ ನಿಂತು ಅಂಗಡಿಯ ಕಥೆ ಹೇಳುತ್ತಿದ್ದ. ಗೊರಕೆ ಹೊಡೆಯುವ ಗಿರಾಕಿಯ ಕಥೆ ಮುಗಿದರೆ ಈರುಳ್ಳಿ ಕೆಂಪಾಗಿರುತ್ತಿತ್ತು. ಅರ್ಧ ಮೀಸೆಯವನ ಕಥೆ ಮುಗಿದರೆ ಆಲೂಗಡ್ಡೆ ಬೆಂದಿರುತ್ತಿತ್ತು. ಇದು ಅವನಿಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಸಿಪ್ಪೆ ತೆಗೆಯುತ್ತಿದ್ದ ರೇಡಿಯೊಗೆ ಮಾತ್ರ ಗೊತ್ತಿತ್ತು.

ಅವತ್ತು ಬಾಯಿ ಮುಚ್ಚಿಕೊಂಡವನಿಗೆ ಕೈಕಾಲೇ ಆಡಲಿಲ್ಲ. ಈರುಳ್ಳಿ ಇನ್ನೂ ಬೆಳ್ಳಗಿರುವಾಗಲೇ ಹೋಳು ಸುರಿದ. ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿ, ಒಳಗಿದ್ದ ಹಬೆಯನ್ನೆಲ್ಲ ಹೊರಗೆ ಬಿಟ್ಟ. ಬಾಗಿಲು ಬಡಿದ ಸದ್ದಾದಾಗ ಆಲೂಗಡ್ಡೆ ಕಲ್ಲಿನ ಹಾಗಿತ್ತು.

ವ್ಯಾನಿನವಳು ಅಡುಗೆಮನೆಯ ಸ್ಟೂಲಿನ ಮೇಲೇ ಕೂತಳು. ಅಮ್ಮ ನಕ್ಕಳು. ಅವಳೂ ನಕ್ಕಳು. ಚಿಕ್ಕಪ್ಪ ಸೌಟು ಹಿಡಿದು ಗೋಡೆ ನೋಡುತ್ತ ನಿಂತ.

“ಹುಷಾರಿಲ್ವಾ ಇವ್ರಿಗೆ?” ವ್ಯಾನಿನವಳು ಅಮ್ಮನನ್ನು ಕೇಳಿದಳು.

“ಯಾಕಮ್ಮ?”

“ಮಾತೇ ಇಲ್ವಲ್ಲ. ದಿನಾ ಇವ್ರ ಕಥೆ ಕೇಳೋಕೇ ನಾನು ವ್ಯಾನ್ ಅಲ್ಲಿ ನಿಲ್ಸೋದು. ಆದ್ರೆ ಕಥೆ ಅರ್ಧಕ್ಕೆ ಬರೋ ಹೊತ್ತಿಗೆ ಸ್ಕೂಲ್ ಬೆಲ್ ಹೊಡೆಯುತ್ತೆ. ನಂಗೆ ಒಂದು ಕಥೇನೂ ಪೂರ್ತಿ ಗೊತ್ತಿಲ್ಲ. ಆ ಅರ್ಧ ಮೀಸೆಯವನು ಕುರ್ಚಿಯಿಂದ ಎದ್ದು ಓಡಿದ್ನಲ್ಲ, ಏನಾದ?”

ಚಿಕ್ಕಪ್ಪ ಅತ್ತಿಗೆಯ ಮುಖ ನೋಡಿದ. ಅಮ್ಮ ಸೀಲಿಂಗ್ ನೋಡಿದಳು.

“ಬಸ್ ಹೊರಟುಬಿಟ್ಟಿತ್ತು ಕಣ್ರಿ,” ಚಿಕ್ಕಪ್ಪನ ಗಂಟಲು ಬಿಚ್ಚಿಕೊಂಡಿತು. “ಅವನಿಗೆ ಅವತ್ತು ಕೆಲಸದ ಇಂಟರ್‌ವ್ಯೂ. ಕುತ್ತಿಗೇಲಿ ನಾನು ಕಟ್ಟಿದ್ದ ಬಟ್ಟೆ, ಮುಖದ ತುಂಬ ನೊರೆ, ಹಾಗೇ ಓಡಿ ಹತ್ತಿದ.”

“ಯಾವ ಕಡೆ ಮೀಸೆ ಉಳಿದಿತ್ತು?”

“ಎಡಗಡೆ.”

“ಬಸ್ ಎಷ್ಟನೇ ಗೇರ್‌ನಲ್ಲಿತ್ತು? ಎರಡನೇದಕ್ಕೆ ಬಿದ್ದಿದ್ರೆ ಹತ್ತೋಕಾಗಲ್ಲ.”

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಚಿಕ್ಕಪ್ಪ ಸೌಟು ಕೆಳಗಿಟ್ಟು ಯೋಚಿಸಿದ. ಕಥೆ ಉದ್ದವಾಯಿತು. ಕಂಡಕ್ಟರ್ ಬಂದ, ಪಕ್ಕದ ಸೀಟಿನ ಅಜ್ಜಿ ಬಂದಳು, ಕರ್ಚೀಫಿನ ಮರೆಯಲ್ಲಿ ಇಂಟರ್‌ವ್ಯೂ ಶುರುವಾಯಿತು.

ಅಷ್ಟರಲ್ಲಿ ರೇಡಿಯೊ ಮೂಗಿಗೆ ಸೀದ ವಾಸನೆ ಬಡಿಯಿತು.

ಹೇಳಲು ಬಾಯಿ ತೆರೆದಳು. ವ್ಯಾನಿನವಳು ಕಥೆ ಕೇಳುತ್ತ ಸ್ಟೂಲಿನ ತುದಿಗೆ ಜರುಗಿದ್ದಳು. ಚಿಕ್ಕಪ್ಪನ ಕೈ ಗಾಳಿಯಲ್ಲೇ ಮೀಸೆ ಬೋಳಿಸುತ್ತಿತ್ತು. ಈಗ ‘ತಳ ಹಿಡೀತು’ ಎಂದರೆ ಶಾಲೆಯ ಬೆಲ್ಲಿಗೂ ತನಗೂ ವ್ಯತ್ಯಾಸವೇನು? ರೇಡಿಯೊ ಹುಟ್ಟಿದ ಮೇಲೆ ಬಾಯಿಗೆ ಬಂದ ಸುದ್ದಿಯನ್ನು ಮೊದಲ ಬಾರಿಗೆ ನುಂಗಿಕೊಂಡಳು. ಅಮ್ಮನಿಗೂ ವಾಸನೆ ಬಂದು ಎದ್ದಾಗ, ಅವಳ ಸೆರಗು ಜಗ್ಗಿ ಕೂರಿಸಿದಳು.

“…ಸಾಹೇಬರು ನಕ್ಕೂ ನಕ್ಕೂ ಕೆಲಸ ಕೊಟ್ಟೇಬಿಟ್ರು. ಅವನೋ, ಇದೇ ಅದೃಷ್ಟದ ಮೀಸೆ ಅಂತ ಮೊದಲ ಸಂಬಳ ಬರೋವರೆಗೂ ಉಳಿದರ್ಧ ತೆಗೆಸ್ಲಿಲ್ಲ.”

ವ್ಯಾನಿನವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೂಗು ಅರಳಿಸಿದಳು. ಚಿಕ್ಕಪ್ಪ ಮುಚ್ಚಳ ತೆಗೆದ. ತಳದಲ್ಲಿ ಸೀದು ಕಂದು ಬಣ್ಣದ ಪದರ ಕಟ್ಟಿತ್ತು. ಅವನ ಮುಖ ಇಳಿದುಹೋಯಿತು.

ಅವಳೇ ಸೌಟು ತೆಗೆದುಕೊಂಡು ತಳ ಕೆರೆದಳು. ಬ್ರೆಡ್ಡಿನ ಮೇಲೆ ಆ ಸೀದ ಪದರವನ್ನೂ ಮೆತ್ತಗಾದ ಹೋಳನ್ನೂ ಹಾಕಿಕೊಂಡು ಕಚ್ಚಿದಳು. ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು.

“ನಾನು ಊಟ ಮಾಡೋದು ಸ್ಟೇರಿಂಗ್ ಮುಂದೆ, ತಣ್ಣಗಾದ ಡಬ್ಬೀಲಿ,” ಎಂದಳು. “ಬಿಸಿ ಬಿಸಿ ತಳ ಕೆರ್ಕೊಂಡು ತಿಂದು ಎಷ್ಟು ಕಾಲ ಆಯ್ತೋ. ಇನ್ನೂ ಇದ್ಯಾ?”

ಇತ್ತು. ಪಾತ್ರೆ ತೊಳೆಯುವ ಅಗತ್ಯವೇ ಬಾರದಷ್ಟು ಚೊಕ್ಕಟವಾಗಿ ಖಾಲಿಯಾಯಿತು. ಅಮ್ಮ ಕೊನೆಯ ತುತ್ತಿನಲ್ಲಿ ಬಟ್ಟಲು ಒರೆಸುತ್ತ, “ಇವನಿಗೆ ಬಾಯಿ ಮುಚ್ಕೋ ಅಂದಿದ್ದು ನಾನೇ ಕಣಮ್ಮ, ತಪ್ಪಾಯ್ತು,” ಎಂದಳು.

ವ್ಯಾನಿನವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡಳು. ಚಿಕ್ಕಪ್ಪ ಉತ್ತರ ಏನೆಂದು ಕೇಳಲಾರದೆ, ಬಿಡಲಾರದೆ ನಿಂತಿದ್ದ.

“ಇನ್ನೂ ಎಷ್ಟೊಂದು ಕಥೆಗಳ ಉಳಿದರ್ಧ ಕೇಳ್ಬೇಕು. ವ್ಯಾನಲ್ಲಿ ಕೂತು ಕೇಳಿದ್ರೆ ಮುಗಿಯಲ್ಲ,” ಎಂದಳು. “ನಾಳೆ ಮಕ್ಕಳನ್ನ ಮನೆ ಸೇರಿಸಿ, ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ. ಅವ್ರೂ ನಿಮ್ಮ ಹತ್ರ ಮಾತಾಡ್ಬೇಕಲ್ಲ. ಆಲೂಗಡ್ಡೆ ನಾನೇ ತರ್ತೀನಿ. ನೀವು ಈರುಳ್ಳಿ ಹೆಚ್ಚಿಡಿ, ಒಲೆ ಮಾತ್ರ ನಾನು ಬರೋವರೆಗೂ ಹಚ್ಬೇಡಿ.”