ಪೆನ್ನು ನಿಂತಲ್ಲಿಗೆ

ಟ್ಯೂಷನ್ ಮೇಷ್ಟ್ರ ಮನೆಮಂದಿಯ ಬಟ್ಟೆಗೆಲ್ಲ ಇವಳು ಇಸ್ತ್ರಿ ಹಾಕಿಕೊಡಬೇಕು, ಅದಕ್ಕೆ ಬದಲಾಗಿ ಮಗಳು ಅವರ ತಾರಸಿಯ ತರಗತಿಯಲ್ಲಿ ಪುಕ್ಕಟೆ ಕೂರಬೇಕು. ಇಸ್ತ್ರಿಯವಳು ಕುದುರಿಸಿಕೊಂಡ ಒಪ್ಪಂದ ಇದು. ಮೇಷ್ಟ್ರು ಆಗಲಿ ಅಂದ ದಿನ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಶಾಲೆಯಲ್ಲಿ ಅರ್ಧಕ್ಕೆ ನಿಲ್ಲುವ ಪಾಠದ ಇನ್ನರ್ಧ ಟ್ಯೂಷನ್ನಿನಲ್ಲೇ ಸಿಗುವುದು ಎಂಬುದು ಆ ಊರಿನಲ್ಲಿ ಕೂಸಿಗೂ ಗೊತ್ತಿತ್ತು. ಆ ಇನ್ನರ್ಧ ಇಲ್ಲದೆ ವಸತಿ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗುವುದೆಂದರೆ ಕನಸಿನ ಮಾತು. ಆ ಕಾಲೇಜಿಗೆ ಸೇರಿಬಿಟ್ಟರೆ ಊಟ, ಹಾಸಿಗೆ, ಪುಸ್ತಕ ಎಲ್ಲವೂ ಸರ್ಕಾರದ್ದು, ಹೊರಬಿದ್ದವರಿಗೆ ಕೆಲಸ ಗ್ಯಾರಂಟಿ. ಆದರೆ ಪರೀಕ್ಷೆಗೆ ವಯಸ್ಸಿನ ಮಿತಿ ಇತ್ತು. ಮಗಳ ವಯಸ್ಸಿಗೆ ಈ ವರ್ಷ ಬಿಟ್ಟರೆ ಇನ್ನೊಂದು ಅವಕಾಶವಿರಲಿಲ್ಲ.

ತಾರಸಿಯ ಮೇಲೆ ತಗಡಿನ ಚಾವಣಿ, ಅದರ ಕೆಳಗೆ ಒತ್ತೊತ್ತಾಗಿ ಬೆಂಚುಗಳು. ಬೆಂಚುಗಳೆಲ್ಲ ಫೀಸು ಕೊಟ್ಟವರಿಗೆ. ಮಗಳಿಗೆ ನೀರಿನ ಡ್ರಮ್ಮಿನ ಪಕ್ಕದಲ್ಲಿ ಒಂದು ಸ್ಟೂಲು ಸಿಕ್ಕಿತು. ಹುಡುಗಿ ಚುರುಕು. ಮೇಷ್ಟ್ರು ಮೈಕು ಹಿಡಿದು ಲೆಕ್ಕವನ್ನು ಒಂದೇ ಸಲ ಹೇಳುತ್ತಿದ್ದರು, ಇವಳಿಗೆ ಅಷ್ಟೇ ಸಾಕಾಗುತ್ತಿತ್ತು. ಬೆಂಚಿನ ಮೇಲಿನ ಎಷ್ಟೋ ಮಕ್ಕಳಿಗೆ ಸಾಕಾಗುತ್ತಿರಲಿಲ್ಲ. ಇದು ಮೇಷ್ಟ್ರ ಕಣ್ಣಿಗೆ ಬೀಳಲು ತಡವಾಗಲಿಲ್ಲ.

“ಸುಮ್ನೆ ಕೂತು ಏನ್ಮಾಡ್ತೀಯಾ? ಯಾರ ಪೆನ್ನು ನಿಲ್ಲುತ್ತೋ ಅಲ್ಲಿಗೆ ಹೋಗು, ಮುಂದಿನ ಹೆಜ್ಜೆ ಹೇಳಿಕೊಡು” ಅಂದರು.

ಅಂದಿನಿಂದ ಅವಳದು ಅದೇ ಕೆಲಸ. ಬೆಂಚುಗಳ ಸಂದಿಯಲ್ಲಿ ಓಡಾಡುತ್ತಾ ನಿಂತ ಪೆನ್ನುಗಳನ್ನು ಹುಡುಕುವುದು, ಬಗ್ಗಿ ಹೇಳುವುದು, ಮುಂದಕ್ಕೆ ಹೋಗುವುದು. ವಾರದ ಪರೀಕ್ಷೆಯ ದಿನವಂತೂ ಅವಳಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಅಂಕಗಳು ಸಂಜೆಯೊಳಗೆ ಅಪ್ಪ ಅಮ್ಮಂದಿರ ಫೋನಿಗೆ ಹೋಗಬೇಕು, ಅವು ಚೆನ್ನಾಗಿಯೇ ಇರಬೇಕು, ಇಲ್ಲವಾದರೆ ಅವರು ಮಗುವನ್ನು ಇನ್ನೊಂದು ಟ್ಯೂಷನ್ನಿಗೆ ಹಾಕುತ್ತಾರೆ. ಹಾಗಾಗಿ ಪರೀಕ್ಷೆಯ ಹೊತ್ತಿನಲ್ಲಿ ಅವಳು ಪಿಸುಮಾತಿನಲ್ಲಿ ಹೇಳಿಕೊಡಬೇಕಿತ್ತು. ಅವಳಿಗೆ ಮಾತ್ರ ಪ್ರಶ್ನೆಪತ್ರಿಕೆ ಇರಲಿಲ್ಲ. ಅವಳ ಅಂಕ ಯಾರ ಫೋನಿಗೆ ಹೋಗಬೇಕಿತ್ತು?

ಮಕ್ಕಳು ಅವಳಿಗೆ ಮರಿಟೀಚರ್ ಅಂತ ಹೆಸರಿಟ್ಟರು. ಇಸ್ತ್ರಿಯವಳು ಅದನ್ನು ಕೇಳಿ ಹಿರಿಹಿರಿ ಹಿಗ್ಗಿದಳು. ಬಟ್ಟೆ ತಂದುಕೊಡುವವರ ಹತ್ತಿರವೆಲ್ಲ, “ನಮ್ಮವಳು ಡಾಕ್ಟ್ರ ಮಗಳಿಗೇ ಪಾಠ ಹೇಳ್ತಾಳೆ ಕಣ್ರೀ” ಎಂದು ಕೊಚ್ಚಿಕೊಂಡಳು. ಒಮ್ಮೆ ಮಗಳು, “ಅಮ್ಮಾ, ನನಗೆ ಬರೆಯೋಕೆ ಟೈಮೇ ಸಿಗಲ್ಲ” ಅಂದಾಗ ಗದರಿಯೂ ಬಿಟ್ಟಳು: “ಅವರ ಋಣದಲ್ಲಿದೀವಿ, ಹೇಳಿದ್ದು ಮಾಡು.”

ಡಾಕ್ಟರ ಮಗಳು ಕೆಟ್ಟವಳಲ್ಲ. ಓದು ತಲೆಗೆ ಹತ್ತದ, ನಾಚಿಕೆಯ ಹುಡುಗಿ. ಸಂಜೆಗೆ ನಾಲ್ಕೈದು ಸಲ ಅವಳ ಪೆನ್ನು ನಿಲ್ಲುತ್ತಿತ್ತು. ಬಾಯಿಬಿಟ್ಟು ಕೇಳುವ ಅಭ್ಯಾಸ ಅವಳಿಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮರಿಟೀಚರ್ ತಾನಾಗಿಯೇ ಬರುತ್ತಿದ್ದಳಲ್ಲ.

ಪ್ರವೇಶ ಪರೀಕ್ಷೆಯ ಅರ್ಜಿಗಳನ್ನೆಲ್ಲ ಮೇಷ್ಟ್ರು ಒಟ್ಟಿಗೆ ಕಳಿಸಿದ್ದರು. ಹೋಗಲಿ ಪಾಪ ಅಂತ ಮರಿಟೀಚರ್‌ದನ್ನೂ ಜೊತೆಗೆ ಸೇರಿಸಿದ್ದರು. ಹಾಗಾಗಿ ಪರೀಕ್ಷೆಯ ಕೋಣೆಯಲ್ಲಿ ಡಾಕ್ಟರ ಮಗಳು, ಇಸ್ತ್ರಿಯವಳ ಮಗಳು ಇಬ್ಬರಿಗೂ ಅಕ್ಕಪಕ್ಕದ ಡೆಸ್ಕು ಬಂತು.

ಪರೀಕ್ಷೆಯ ದಿನ ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕದೆ ಗೇಟಿನ ಹೊರಗೆ ನಿಂತಿದ್ದಳು. ಮಿಕ್ಕ ತಾಯಂದಿರು ಛತ್ರಿ ಹಿಡಿದು, ಫೋನು ನೋಡುತ್ತಾ ನಿಂತಿದ್ದರು. ಗಂಟೆ ಹೊಡೆಯುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಆಗ ಮಗಳು ಒಬ್ಬಳೇ ಮೆಟ್ಟಿಲಿಳಿದು ಬರುತ್ತಿರುವುದು ಕಾಣಿಸಿತು. ಇಸ್ತ್ರಿಯವಳ ಎದೆ ಹೆಮ್ಮೆಯಿಂದ ಉಬ್ಬಿತು. ಪಕ್ಕದಲ್ಲಿದ್ದ ಡಾಕ್ಟರ ಹೆಂಡತಿಯ ಕಡೆ ತಿರುಗಿ, “ನೋಡಿ, ನಮ್ಮವಳು ಆಗ್ಲೇ ಮುಗಿಸಿಬಿಟ್ಳು!” ಅಂದಳು.

ಹತ್ತಿರ ಬಂದ ಮೇಲೆ ಮಗಳ ಮುಖ ಕಾಣಿಸಿತು.

“ಪೇಪರ್ ಕಿತ್ಕೊಂಡ್ರಮ್ಮ.”

“ಯಾಕೆ? ಏನ್ ಮಾಡ್ದೆ?”

“ಅವಳ ಪೆನ್ನು ನಿಂತಿತ್ತು. ಹೇಳ್ಕೊಟ್ಟೆ.”

“ಹೇಳ್ಕೊಟ್ಯಾ? ಪರೀಕ್ಷೆಲಿ? ನಿನಗೇನ್ ಬುದ್ಧಿಗಿದ್ಧಿ ಇದೆಯೇನೇ?”

“ಎದ್ದಿದ್ದೇ ಗೊತ್ತಾಗ್ಲಿಲ್ಲಮ್ಮ. ಎಲ್ಲಾರೂ ಸುಮ್ನೆ ಬರೀತಿದ್ರು. ಅವಳೊಬ್ಬಳು ಬರೀತಿರ್ಲಿಲ್ಲ. ನಾನು ಹೋಗಿ ಬಗ್ಗಿದೆ. ಕಾವಲಿಗಿದ್ದ ಮೇಡಂ ಕೂಗಿದಾಗ್ಲೇ ಗೊತ್ತಾಗಿದ್ದು.”

ಇಸ್ತ್ರಿಯವಳಿಗೆ ಮಗಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹೇಳಿದ್ದು ಮಾಡು ಅಂತ ತಾನೇ ಗದರಿದ್ದು ನೆನಪಾಗಿ, ಎತ್ತಿದ ಕೈ ಹಾಗೇ ಇಳಿಯಿತು. ಡಾಕ್ಟರ ಹೆಂಡತಿ ಛತ್ರಿ ಎತ್ತಿಕೊಂಡು ಒಂದಿಷ್ಟು ದೂರ ಸರಿದು ನಿಂತಳು.

ಪರೀಕ್ಷಾ ಕಚೇರಿಗೆ ಅಲೆದಲೆದು ಕೊನೆಗೆ ಇಸ್ತ್ರಿಯವಳು ಅಧಿಕಾರಿ ಮೇಡಂ ಮುಂದೆ ನಿಂತಳು. ಮೇಡಂ ಪೂರ್ತಿ ಕೇಳಿಸಿಕೊಂಡರು, ಅಂಥವರೂ ಇರುತ್ತಾರೆ. “ಕಾಯಿಲೆ ಬಿದ್ದವರಿಗೆ ಅಂತ ಇನ್ನೊಂದು ಪರೀಕ್ಷೆ ಇಡ್ತಿದೀವಿ. ನಿಮ್ಮ ಮೇಷ್ಟ್ರು ಬಂದು, ಈ ರೂಢಿ ಮಾಡಿಸಿದ್ದು ನಾನೇ ಅಂತ ಒಂದು ಮಾತು ಹೇಳ್ಲಿ. ಇವಳನ್ನ ಕೂರಿಸೋಣ” ಅಂದರು.

ಒಂದೇ ಒಂದು ಮಾತು. ಇಸ್ತ್ರಿಯವಳು ಓಡಿಕೊಂಡೇ ಮೇಷ್ಟ್ರ ಮನೆಗೆ ಹೋದಳು. ಅವರು ಟೀ ಕುಡಿಯುತ್ತಾ, “ಬರ್ತೀನಮ್ಮ, ಅದಕ್ಕೇನಂತೆ” ಅಂದರು. ಕಚೇರಿಗೆ ಬರುವ ದಿನ ಅವರು ಹಾಕಿಕೊಳ್ಳುವ ಬಿಳಿ ಅಂಗಿಗೆ ಅವಳು ನೀರು ಚಿಮುಕಿಸಿ, ಕಾಲರನ್ನು ಎರಡೆರಡು ಸಲ ಒತ್ತಿ, ಒಂದು ಸುಕ್ಕೂ ಉಳಿಯದ ಹಾಗೆ ಇಸ್ತ್ರಿ ಹಾಕಿಕೊಟ್ಟಳು.

ಮೇಡಂ ಹೇಳಿಕಳಿಸಿದ್ದರಿಂದ ಕಚೇರಿಯಲ್ಲಿ ಡಾಕ್ಟರೂ ಮಗಳನ್ನು ಕರೆದುಕೊಂಡು ಬಂದು ಕೂತಿದ್ದರು. ಅಧಿಕಾರಿ ಮೊದಲು ಆ ಹುಡುಗಿಯನ್ನೇ ಕೇಳಿದರು: “ನೀನು ಇವಳ ಹತ್ರ ಉತ್ತರ ಕೇಳಿದ್ಯಾ?”

“ಇಲ್ಲ ಮೇಡಂ, ನಾನು ಏನೂ ಕೇಳ್ಲಿಲ್ಲ” ಅಂದಳು ಹುಡುಗಿ, ತಲೆ ತಗ್ಗಿಸಿ.

ಮೇಷ್ಟ್ರ ಸರದಿ ಬಂತು. ಅವರು ಒಮ್ಮೆ ಡಾಕ್ಟರ ಕಡೆ ನೋಡಿದರು.

“ಈ ಹುಡುಗಿ ನಮ್ಮ ವಿದ್ಯಾರ್ಥಿನಿ ಅಲ್ಲ ಮೇಡಂ. ರಿಜಿಸ್ಟರಲ್ಲಿ ಹೆಸರಿಲ್ಲ. ಇವರಮ್ಮ ನಮ್ಮ ಮನೆಗೆ ಇಸ್ತ್ರಿ ಮಾಡ್ಕೊಡ್ತಾರೆ, ಅಷ್ಟೇ.”

“ಸಾರ್, ದಿನಾ ಸಂಜೆ ನಿಮ್ಮ ತಾರಸಿ ಮೇಲೇ ಇರ್ತಿದ್ಳಲ್ಲ!” ಅಂದಳು ಇಸ್ತ್ರಿಯವಳು.

“ಬರ್ತಿದ್ಳು. ನಾನು ಬರಬೇಡ ಅಂದಿಲ್ಲ.”

ಆ ಕೋಣೆಯಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಅದೇ ಇಸ್ತ್ರಿಯವಳ ಹೊಟ್ಟೆಗೆ ಬೆಂಕಿ ಹಾಕಿದ್ದು. ಸುಳ್ಳಾಗಿದ್ದರೆ ಕಿರುಚಾಡಬಹುದಿತ್ತು, ಆಣೆ ಹಾಕಬಹುದಿತ್ತು. ಅಧಿಕಾರಿ, “ಹಾಗಾದ್ರೆ ನನ್ನ ಕೈಲಿ ಏನೂ ಇಲ್ಲಮ್ಮ” ಎಂದು ಫೈಲು ಮುಚ್ಚಿದರು.

ಹೊರಗೆ ಮೆಟ್ಟಿಲ ಹತ್ತಿರ ಮೇಷ್ಟ್ರು ಹಿಂದೆಯೇ ಬಂದರು. ಡಾಕ್ಟರ ಕಾರು ಹೋಗುವವರೆಗೆ ಕಾದು ಬಾಯಿಬಿಟ್ಟರು.

“ಬೇಜಾರ್ ಮಾಡ್ಕೋಬೇಡಮ್ಮ. ಡಾಕ್ಟ್ರು ಎದುರಿಗೇ ಕೂತಿದ್ರು. ಅವರ ಮಗಳಿಗೆ ಪಾಠ ಹೇಳಿದ್ದು ನಾನಲ್ಲ, ಇಸ್ತ್ರಿಯವಳ ಮಗಳು ಅಂತ ಹೇಳಕ್ಕಾಗುತ್ತಾ? ನಾಳೆ ತಾರಸಿ ಖಾಲಿ ಆಗುತ್ತೆ. ನನಗೂ ಹೆಂಡ್ತಿ ಮಕ್ಕಳಿದಾರೆ.” ಆಮೇಲೆ ದೊಡ್ಡ ಉಪಕಾರ ಮಾಡುವವರಂತೆ ದನಿ ತಗ್ಗಿಸಿದರು. “ಒಂದ್ ಕೆಲಸ ಮಾಡೋಣ. ಚಿಕ್ಕ ಮಕ್ಕಳ ಬ್ಯಾಚು ಇವಳೇ ನೋಡ್ಕೊಳ್ಲಿ. ಇನ್ಮೇಲೆ ಪುಕ್ಕಟೆ ಬೇಡ, ಸಂಬಳ ಕೊಡ್ತೀನಿ.”

ಇಸ್ತ್ರಿಯವಳು ಸಿಡಿದುಬಿದ್ದಳು. “ನಿಮ್ಮ ಸಂಬಳಾನ ನೀವೇ ಇಟ್ಕೊಳ್ಳಿ. ನಿಮ್ಮ ಬಟ್ಟೆ ಮುಟ್ಟೋಕೂ ನಂಗೆ ಅಸಹ್ಯ ಆಗುತ್ತೆ. ಮಗಳನ್ನ ಮತ್ತೆ ಕಳಿಸ್ತೀನಿ ಅಂದ್ಕೊಂಡ್ರಾ?”

ಆದರೆ ಮಗಳು ಅವಳ ಕೈ ಬಿಡಿಸಿಕೊಂಡು ಮುಂದೆ ಬಂದಳು.

“ಎಷ್ಟು ಹೊತ್ತಿಗೆ ಬರ್ಬೇಕು ಸಾರ್?”

ತಾಯಿ ಬೈದಳು, ಅತ್ತಳು, ಒಂದು ದಿನ ಬಾಗಿಲಿಗೆ ಅಡ್ಡ ನಿಂತಳು. ಮಗಳು ಮಾತು ಬೆಳೆಸಲಿಲ್ಲ, ಹೊತ್ತಿಗೆ ಸರಿಯಾಗಿ ಹೋಗಿಬಂದಳು. ಫಲಿತಾಂಶ ಬಂತು. ಡಾಕ್ಟರ ಮಗಳಿಗೆ ಸೀಟು ಸಿಕ್ಕಿತು. ಮೇಷ್ಟ್ರ ಮನೆಯ ಮುಂದೆ ಅವಳ ಆಳೆತ್ತರದ ಫೋಟೋ ತೂಗುಬಿದ್ದಿತು, ಕೆಳಗೆ ‘ನಮ್ಮಲ್ಲಿ ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಗಮನ’ ಎಂದು ಬರೆದಿತ್ತು. ಮರುವಾರವೇ ಮೇಷ್ಟ್ರು ಹೊಸ ಬೆಂಚುಗಳನ್ನು ತರಿಸಬೇಕಾಯಿತು.

ಇಸ್ತ್ರಿಯವಳಿಗೆ ಒಬ್ಬ ಚಿಕ್ಕ ಮಗನೂ ಇದ್ದ, ಶಾಲೆಗೆ ಹೋಗುವವನು. ಒಂದು ಸಂಜೆ ಅವಳು ಬೇರೆ ಮನೆಗಳ ಬಟ್ಟೆ ಮಡಚುತ್ತಿದ್ದಾಗ ಅವನು ಪುಸ್ತಕ ಹಿಡಿದು ಅಕ್ಕನ ಹತ್ತಿರ ಹೋದ. ಅಕ್ಕ ಆಗಷ್ಟೇ ಕೆಲಸ ಮುಗಿಸಿ ಬಂದು, ನೆಲದ ಮೇಲೆ ಚಿಕ್ಕ ಬ್ಯಾಚಿನ ಪೇಪರುಗಳನ್ನು ಹರಡಿಕೊಂಡು ತಿದ್ದುತ್ತಿದ್ದಳು.

“ಅಕ್ಕಾ, ಶಾಲೇಲಿ ಅರ್ಧ ಲೆಕ್ಕ ಹೇಳಿ ಬಿಟ್ಬಿಟ್ರು. ಇದು ಹೇಗೆ ಹೇಳು.”

ಅಕ್ಕ ಕೇಳಿಸದವಳಂತೆ ತಿದ್ದುತ್ತಲೇ ಇದ್ದಳು. ಅವನು ಮತ್ತೆ ಕೇಳಿದ, ತೋಳು ಹಿಡಿದು ಅಲುಗಾಡಿಸಿದ.

“ಹೇಳ್ಕೊಡೇ, ನಿನ್ನ ತಮ್ಮ ಅಲ್ವಾ” ಅಂದಳು ಇಸ್ತ್ರಿಯವಳು.

ಮಗಳು ತಲೆಯೆತ್ತಿದಳು.

“ಫೀಸು ಯಾರು ಕೊಡ್ತಾರೆ?”

ಇಸ್ತ್ರಿಯವಳು ಮೊದಲು ತಮಾಷೆ ಅಂದುಕೊಂಡಳು, ನಗಲು ಬಾಯಿಯನ್ನೂ ತೆರೆದಳು. ಆದರೆ ಮಗಳು ತಮಾಷೆ ಮಾಡುತ್ತಿರಲಿಲ್ಲ. ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು.